ರೆನೆ ದ ಕ್ನಿಫ್

ಶೆವಾಲಿಯೇ ರೆನೆ ದ ಕ್ನಿಫ್ ಅವರು ಬೆಲ್ಜಿಯಂ ಮೂಲದ ಫ್ರೆಂಚ್ ಮೋಟಾರು ಸ್ಪರ್ಧಾ ಚಾಲಕರು ಹಾಗೂ ಮೋಟಾರು ಕ್ರೀಡೆಯ ಆಡಳಿತಗಾರರು. 1860ರ ದಶಕದ ಮಧ್ಯಭಾಗದಲ್ಲಿ ಆಂಟ್ವರ್ಪ್ ನಗರದಲ್ಲಿ ಜನಿಸಿದ ಇವರು, 1897ರಿಂದ 1903ರವರೆಗೆ ಊರಿನಿಂದ ಊರಿಗೆ ನಡೆಯುತ್ತಿದ್ದ ದೂರದ ಮೋಟಾರು ಓಟಗಳಲ್ಲಿ ಪಾಲ್ಗೊಂಡು ತಮ್ಮ ಕಾಲದ ಅಗ್ರಗಣ್ಯ ಚಾಲಕರಲ್ಲಿ ಒಬ್ಬರೆಂದು ಹೆಸರು ಪಡೆದರು. 1899ರಲ್ಲಿ ನಡೆದ ಮೊದಲ ಫ್ರಾನ್ಸ್ ಮೋಟಾರು ಪರ್ಯಟನ ಸ್ಪರ್ಧೆಯ ವಿಜೇತರು ಇವರೇ. ಚಾಲನೆಯಿಂದ ನಿವೃತ್ತರಾದ ಬಳಿಕ ಫ್ರಾನ್ಸಿನ ಮೋಟಾರು ಕ್ಲಬ್ಬಿನ ಕ್ರೀಡಾ ಆಯೋಗವನ್ನು ಮುನ್ನಡೆಸಿದರು. 1922ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಆಯೋಗ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷರಾಗಿ 1946ರವರೆಗೆ ಸೇವೆ ಸಲ್ಲಿಸಿದರು. ಜನಸಂಚಾರವಿದ್ದ ತೆರೆದ ರಸ್ತೆಗಳಲ್ಲಿ ಆರಂಭವಾದ ಈ ಕ್ರೀಡೆ ಕಾವಲಿರುವ ಓಟದ ಹಾದಿಗೂ ಲಿಖಿತ ನಿಯಮಗಳ ಚೌಕಟ್ಟಿಗೂ ಬಂದ ಅವಧಿಯನ್ನು ಇವರ ಜೀವನ ಬಹುಮಟ್ಟಿಗೆ ಒಳಗೊಂಡಿದೆ.

ಹಿನ್ನೆಲೆ

ದ ಕ್ನಿಫ್ ಅವರು ಬೆಲ್ಜಿಯಂನ ಕುಲೀನ ಮನೆತನಕ್ಕೆ ಸೇರಿದವರು. ಹೆಸರಿನ ಹಿಂದಿರುವ ಶೆವಾಲಿಯೇ ಎಂಬುದು ಆ ದೇಶದ ಒಂದು ಗೌರವ ಪದವಿ. ವೀರಯೋಧ ಎಂಬುದು ಅದರ ಮೂಲಾರ್ಥ. ಇವರ ಕಾರ್ಯಕ್ಷೇತ್ರ ಮಾತ್ರ ಪ್ಯಾರಿಸ್ ಆಯಿತು. ಉದ್ದನೆಯ ಗಡ್ಡ ಮತ್ತು ತಲೆಯ ಮೇಲಿನ ಟೋಪಿಯಿಂದಾಗಿ ಅಂದಿನ ಛಾಯಾಚಿತ್ರಗಳಲ್ಲಿ ಇವರನ್ನು ಸುಲಭವಾಗಿ ಗುರುತಿಸಬಹುದು.

ಇವರು ಮೋಟಾರು ಲೋಕವನ್ನು ಪ್ರವೇಶಿಸಿದ ಸಮಯದಲ್ಲಿ ಪೆಟ್ರೋಲ್ ವಾಹನವು ಇನ್ನೂ ಶೈಶವಾವಸ್ಥೆಯಲ್ಲಿತ್ತು. 1894ರಲ್ಲಿ ಪ್ಯಾರಿಸ್‌ನಿಂದ ರುವಾನ್‌ವರೆಗೆ ನಡೆದ ಪರೀಕ್ಷಾ ಓಟವನ್ನು ಮೋಟಾರು ಸ್ಪರ್ಧೆಗಳ ಆರಂಭವೆಂದು ಪರಿಗಣಿಸಲಾಗುತ್ತದೆ. ಮರುವರ್ಷ ಪ್ಯಾರಿಸ್‌ನಿಂದ ಬೋರ್ಡೋ ನಗರಕ್ಕೆ ಹೋಗಿ ಹಿಂದಿರುಗುವ, ಸುಮಾರು 1,180 ಕಿಲೋಮೀಟರ್ ದೂರದ ಓಟ ಏರ್ಪಟ್ಟಿತು. ಎಮಿಲ್ ಲೆವಾಸೋರ್ ಎಂಬ ಎಂಜಿನಿಯರ್ ಈ ದೂರವನ್ನು 48 ಗಂಟೆ 48 ನಿಮಿಷಗಳಲ್ಲಿ ಹೆಚ್ಚುಕಡಿಮೆ ವಿಶ್ರಾಂತಿಯಿಲ್ಲದೆ ಕ್ರಮಿಸಿದರು. ಅವರ ಸರಾಸರಿ ವೇಗ ಗಂಟೆಗೆ ಸುಮಾರು 24 ಕಿಲೋಮೀಟರ್. ಅದೇ ವರ್ಷ ಪ್ಯಾರಿಸ್‌ನಲ್ಲಿ ಫ್ರಾನ್ಸ್ ಮೋಟಾರು ಕ್ಲಬ್ ಸ್ಥಾಪನೆಯಾಯಿತು. ಮುಂದಿನ ಓಟಗಳನ್ನು ಸಂಘಟಿಸುವ ಹೊಣೆಯನ್ನು ಈ ಕ್ಲಬ್ ವಹಿಸಿಕೊಂಡಿತು.

ಲೆವಾಸೋರ್ ಅವರು ಪಾಲುದಾರರಾಗಿದ್ದ ಪನಾರ್–ಲೆವಾಸೋರ್ ಸಂಸ್ಥೆ ಅಂದಿನ ಮುಂಚೂಣಿ ಕಾರು ತಯಾರಕ ಸಂಸ್ಥೆಯಾಗಿತ್ತು. ಎಂಜಿನ್ನನ್ನು ಮುಂಭಾಗದಲ್ಲಿಟ್ಟು, ಗೇರುಪೆಟ್ಟಿಗೆಯ ಮೂಲಕ ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಸಾಗಿಸುವ ವಿನ್ಯಾಸವನ್ನು ರೂಢಿಗೆ ತಂದದ್ದು ಈ ಸಂಸ್ಥೆಯೇ. 1896ರ ಪ್ಯಾರಿಸ್–ಮಾರ್ಸೇ ಓಟದಲ್ಲಿ ಅಡ್ಡಬಂದ ನಾಯಿಯನ್ನು ತಪ್ಪಿಸುವಾಗ ಲೆವಾಸೋರ್ ಅವರ ವಾಹನ ಉರುಳಿತು. ಮರುವರ್ಷ ಅವರು ತೀರಿಕೊಂಡರು. ತರುವಾಯ ಸಂಸ್ಥೆಯು ಷೇರುದಾರರ ಕಂಪನಿಯಾಗಿ ಪುನಾರಚನೆಗೊಂಡಾಗ ದ ಕ್ನಿಫ್ ಅವರು ಅದರ ನಿರ್ದೇಶಕರಲ್ಲಿ ಒಬ್ಬರಾದರು. ಹೀಗೆ ಇವರು ಏಕಕಾಲದಲ್ಲಿ ಕಾರು ತಯಾರಿಕಾ ಕಂಪನಿಯ ನಿರ್ದೇಶಕರೂ ಅದೇ ಕಂಪನಿಯ ಕಾರುಗಳ ಸ್ಪರ್ಧಾ ಚಾಲಕರೂ ಆಗಿದ್ದರು.

ಸ್ಪರ್ಧಾ ಚಾಲಕರಾಗಿ

ಅಂದಿನ ಓಟಗಳ ಸ್ವರೂಪ ಇಂದಿನ ರ್ಯಾಲಿಗೆ ಹತ್ತಿರವಾದುದು. ಚಾಲಕರು ಒಬ್ಬರ ಹಿಂದೆ ಒಬ್ಬರಂತೆ ನಿಗದಿತ ಅಂತರದಲ್ಲಿ ಹೊರಡುತ್ತಿದ್ದರು. ಯಾರು ಕಡಿಮೆ ಸಮಯದಲ್ಲಿ ಗುರಿ ಮುಟ್ಟಿದರೆಂಬುದನ್ನು ಲೆಕ್ಕಹಾಕಿ ವಿಜೇತರನ್ನು ನಿರ್ಣಯಿಸಲಾಗುತ್ತಿತ್ತು. ಆದರೆ ಇಂದಿನ ರ್ಯಾಲಿಯಲ್ಲಿರುವಂತೆ ರಸ್ತೆಯನ್ನು ಸಾರ್ವಜನಿಕರಿಗೆ ಮುಚ್ಚುವ ಪದ್ಧತಿ ಇರಲಿಲ್ಲ. ಡಾಂಬರು ಕಾಣದ ಹೆದ್ದಾರಿಗಳಲ್ಲಿ ಕುದುರೆಗಾಡಿಗಳು, ದನಕರುಗಳು, ಸೈಕಲ್ ಸವಾರರು, ಸಂತೆಗೆ ಹೊರಟ ರೈತರು ಎಂದಿನಂತೆ ಸಂಚರಿಸುತ್ತಿದ್ದರು. ಮುಂದಿನ ವಾಹನ ಎಬ್ಬಿಸಿದ ಧೂಳಿನಲ್ಲಿ ಹಿಂದಿನ ಚಾಲಕನಿಗೆ ದಾರಿಯೇ ಕಾಣುತ್ತಿರಲಿಲ್ಲ. ಚಾಲಕನ ಪಕ್ಕದಲ್ಲಿ ಕುಳಿತ ಮೆಕ್ಯಾನಿಕ್ ಎಂಜಿನ್ನಿಗೆ ಎಣ್ಣೆ ಹಾಕುವುದು, ಟೈರು ಬದಲಿಸುವುದು, ಮುರಿದ ಭಾಗಗಳನ್ನು ರಸ್ತೆಬದಿಯಲ್ಲೇ ಸರಿಪಡಿಸುವುದು ಮುಂತಾದ ಕೆಲಸಗಳನ್ನು ಮಾಡಬೇಕಿತ್ತು.

1898ರ ಮೇ ತಿಂಗಳಲ್ಲಿ ನಡೆದ ಪ್ಯಾರಿಸ್–ಬೋರ್ಡೋ ಓಟದಲ್ಲಿ ದ ಕ್ನಿಫ್ ಅವರು ಪನಾರ್ ಕಾರನ್ನು ಓಡಿಸಿ ಪ್ರಥಮ ಸ್ಥಾನ ಗಳಿಸಿದರು. ಸುಮಾರು 570 ಕಿಲೋಮೀಟರ್ ದೂರಕ್ಕೆ ಅವರು ತೆಗೆದುಕೊಂಡ ಚಾಲನಾ ಸಮಯ 15 ಗಂಟೆಗಳಿಗೆ ತುಸು ಹೆಚ್ಚು. ಇದಕ್ಕೆ ಕೆಲವೇ ದಿನಗಳ ಹಿಂದೆ ಪೆರಿಗೋ ಪ್ರದೇಶದ ಒಂದು ಓಟದಲ್ಲಿ ಮಾರ್ಕ್ವಿಸ್ ದ ಮೊಂತಾನ್ಯಾಕ್ ಎಂಬ ಚಾಲಕರೂ ಅವರ ಮೆಕ್ಯಾನಿಕ್ಕೂ ಅಪಘಾತಕ್ಕೀಡಾಗಿ ಮೃತಪಟ್ಟಿದ್ದರು. ಮೋಟಾರು ಓಟದ ಇತಿಹಾಸದಲ್ಲಿ ಸ್ಪರ್ಧಿಗಳ ಮೊದಲ ಸಾವುಗಳು ಇವೆಂದು ಹೇಳಲಾಗುತ್ತದೆ.

1899ರ ಜುಲೈ ತಿಂಗಳಲ್ಲಿ ಲ ಮಾತಾಂ ಪತ್ರಿಕೆಯು ಫ್ರಾನ್ಸ್ ಮೋಟಾರು ಕ್ಲಬ್ಬಿನ ಸಹಯೋಗದೊಡನೆ ಇಡೀ ದೇಶವನ್ನು ಸುತ್ತಿಬರುವ ಓಟವನ್ನು ಏರ್ಪಡಿಸಿತು. ಸೈಕಲ್ಲುಗಳ ಪ್ರಸಿದ್ಧ ಫ್ರಾನ್ಸ್ ಪರ್ಯಟನ ಆರಂಭವಾದದ್ದು 1903ರಲ್ಲಿ. ಮೋಟಾರು ಪರ್ಯಟನ ಅದಕ್ಕಿಂತ ನಾಲ್ಕು ವರ್ಷ ಹಿಂದಿನದು. ಪ್ಯಾರಿಸ್‌ನಿಂದ ಹೊರಟು ನಾನ್ಸಿ, ಎಕ್ಸ್-ಲೆ-ಬ್ಯಾಂ, ವಿಶಿ, ಪೆರಿಗೋ, ನಾಂತ್, ಕಾಬೂರ್ ಮಾರ್ಗವಾಗಿ ಪ್ಯಾರಿಸ್‌ಗೆ ಮರಳುವ ಈ ಓಟ ಏಳು ಹಂತಗಳದ್ದು. ಒಟ್ಟು ದೂರ 2,000 ಕಿಲೋಮೀಟರ್‌ಗೂ ಅಧಿಕ. ದ ಕ್ನಿಫ್ ಅವರು ಸುಮಾರು 44 ಗಂಟೆ 43 ನಿಮಿಷಗಳ ಚಾಲನಾ ಸಮಯದಲ್ಲಿ ಗುರಿ ತಲುಪಿ ವಿಜೇತರಾದರು. ಎರಡನೆಯವರಾಗಿ ಲಿಯಾನ್ಸ್ ಜಿರಾರ್ದೋ ಬಂದರು. ಫರ್ನಾಂ ಶಾರೋಂ ಎಂಬ ಮತ್ತೊಬ್ಬ ಪ್ರಮುಖ ಚಾಲಕರ ಕಾರು ಮುಂದಕ್ಕೆ ಚಲಿಸುವ ಶಕ್ತಿಯನ್ನು ಕಳೆದುಕೊಂಡಿದ್ದರಿಂದ ಅವರು ಅನೇಕ ಮೈಲಿಗಳನ್ನು ಹಿಮ್ಮುಖವಾಗಿಯೇ ಓಡಿಸಿದ ಪ್ರಸಂಗವೂ ಇದೇ ಸ್ಪರ್ಧೆಗೆ ಸೇರಿದ್ದು. ದೀರ್ಘ ದೂರದ ಓಟದಲ್ಲಿ ವೇಗಕ್ಕಿಂತ ವಾಹನವನ್ನು ಕೆಡದಂತೆ ಕಾಪಾಡಿಕೊಳ್ಳುವುದೇ ಮುಖ್ಯವಾಗಿದ್ದ ಆ ದಿನಗಳಲ್ಲಿ ಈ ಗೆಲುವು ದ ಕ್ನಿಫ್ ಅವರಿಗೆ ದೊಡ್ಡ ಕೀರ್ತಿಯನ್ನು ತಂದಿತು.

1900ರ ಆರಂಭದಲ್ಲಿ ಪೋ ಪಟ್ಟಣದ ಸುತ್ತ ನಡೆದ ನೈಋತ್ಯ ಫ್ರಾನ್ಸ್ ಓಟದಲ್ಲೂ, ಬಳಿಕ ನೀಸ್‌ನಿಂದ ಮಾರ್ಸೇವರೆಗಿನ ಓಟದಲ್ಲೂ ಇವರು ಜಯಶಾಲಿಯಾದರು. 1901ರ ಜೂನ್ ತಿಂಗಳ ಪ್ಯಾರಿಸ್–ಬರ್ಲಿನ್ ಓಟದಲ್ಲಿ ಹೆನ್ರಿ ಫುರ್ನಿಯೇ ಮತ್ತು ಜಿರಾರ್ದೋ ಅವರ ನಂತರ ಮೂರನೆಯ ಸ್ಥಾನ ಪಡೆದರು. ಅದೇ ಓಟದಲ್ಲಿ ರಸ್ತೆಗೆ ಬಂದ ಬಾಲಕನೊಬ್ಬ ಕಾರಿಗೆ ಸಿಕ್ಕಿ ಸತ್ತದ್ದು ಫ್ರಾನ್ಸಿನಲ್ಲಿ ತೀವ್ರ ಆಕ್ಷೇಪಕ್ಕೆ ಕಾರಣವಾಯಿತು.

ಗಾರ್ಡನ್ ಬೆನೆಟ್ ಕಪ್

ಅಮೆರಿಕದ ಪತ್ರಿಕಾ ಒಡೆಯ ಜೇಮ್ಸ್ ಗಾರ್ಡನ್ ಬೆನೆಟ್ ಅವರು ದೇಶ ದೇಶಗಳ ಕ್ಲಬ್ಬುಗಳ ನಡುವಿನ ಸ್ಪರ್ಧೆಗಾಗಿ ಒಂದು ಕಪ್ಪನ್ನು ನೀಡಿದರು. ಪ್ರತಿ ದೇಶಕ್ಕೆ ಗರಿಷ್ಠ ಮೂರು ಕಾರುಗಳು, ಕಾರಿನ ಎಲ್ಲ ಭಾಗಗಳೂ ಆಯಾ ದೇಶದಲ್ಲೇ ತಯಾರಾಗಿರಬೇಕು ಎಂಬುದು ಇದರ ಮುಖ್ಯ ನಿಬಂಧನೆ. 1900ರ ಮೊದಲ ಸ್ಪರ್ಧೆ ಪ್ಯಾರಿಸ್‌ನಿಂದ ಲಿಯೋಂವರೆಗೆ ನಡೆಯಿತು. ಫ್ರಾನ್ಸಿನ ಪರವಾಗಿ ಶಾರೋಂ, ಜಿರಾರ್ದೋ ಮತ್ತು ದ ಕ್ನಿಫ್ ಆಯ್ಕೆಯಾದರು. ಮೂವರ ಕಾರುಗಳೂ ಪನಾರ್ ಸಂಸ್ಥೆಯವೇ ಆಗಿದ್ದರಿಂದ ಇತರ ತಯಾರಕರು ಅಸಮಾಧಾನಗೊಂಡರು. ಗೇರು ಕೆಟ್ಟುಹೋಗಿ ದ ಕ್ನಿಫ್ ಅವರು ಓಟವನ್ನು ಪೂರೈಸಲಾಗಲಿಲ್ಲ, ಶಾರೋಂ ಗೆದ್ದರು.

1902ರ ಕಪ್ ಸ್ಪರ್ಧೆಯನ್ನು ಪ್ಯಾರಿಸ್–ವಿಯೆನ್ನಾ ಓಟದ ಜೊತೆಗೇ, ಪ್ಯಾರಿಸ್‌ನಿಂದ ಇನ್ಸ್‌ಬ್ರುಕ್‌ವರೆಗಿನ ಭಾಗದಲ್ಲಿ ನಡೆಸಲಾಯಿತು. ಆ ವರ್ಷ ಕಾರಿನ ತೂಕ 1,000 ಕಿಲೋಗ್ರಾಂ ಮೀರಬಾರದೆಂಬ ನಿಯಮ ಜಾರಿಗೆ ಬಂದಿತ್ತು. ವಾಹನಗಳು ದಿನೇ ದಿನೇ ಭಾರವಾಗಿ ಬೆಳೆಯುವುದನ್ನು ತಡೆಯುವುದು ಇದರ ಉದ್ದೇಶ. ಆದರೆ ತಯಾರಕರು ಚಾಸಿಯನ್ನು ಹಗುರಗೊಳಿಸಿ, ಉಳಿಸಿದ ತೂಕವನ್ನೆಲ್ಲ ಎಂಜಿನ್ನಿಗೆ ಕೊಟ್ಟರು. ಪನಾರ್ ಸಂಸ್ಥೆಯ ಅಂದಿನ ದೊಡ್ಡ ಎಂಜಿನ್ನಿನ ಗಾತ್ರ 13 ಲೀಟರ್‌ಗಳನ್ನೂ ಮೀರಿತ್ತು. ತೂಕವನ್ನು ಮಿತಿಗೊಳಿಸಿದರೆ ವೇಗವೂ ಮಿತಿಗೊಳ್ಳುತ್ತದೆ ಎಂಬ ನಂಬಿಕೆ ಹೀಗೆ ಮೊದಲ ಬಾರಿಗೆ ಹುಸಿಯಾಯಿತು. ಇದೇ ಅನುಭವ ಮೂವತ್ತು ವರ್ಷಗಳ ಬಳಿಕ, ದ ಕ್ನಿಫ್ ಅವರ ಅಧ್ಯಕ್ಷತೆಯ ಕಾಲದಲ್ಲಿ, ಮತ್ತೊಮ್ಮೆ ಮರುಕಳಿಸಲಿತ್ತು.

ಈ ಓಟದಲ್ಲಿ ಫುರ್ನಿಯೇ ಹಾಗೂ ಜಿರಾರ್ದೋ ಬೇಗನೆ ಹಿಂದೆ ಸರಿದ ಕಾರಣ ಫ್ರಾನ್ಸಿನ ಆಸೆಯೆಲ್ಲ ದ ಕ್ನಿಫ್ ಅವರೊಬ್ಬರ ಮೇಲೆ ನಿಂತಿತು. ಅವರು ಮುನ್ನಡೆಯಲ್ಲಿಯೇ ಇದ್ದು, ಆಸ್ಟ್ರಿಯಾದ ಕಡಿದಾದ ಆರ್ಲ್‌ಬರ್ಗ್ ಕಣಿವೆಮಾರ್ಗವನ್ನೂ ದಾಟಿದರು. ಇನ್ಸ್‌ಬ್ರುಕ್ ಇನ್ನು ಕೆಲವೇ ಮೈಲಿಗಳಿವೆ ಎನ್ನುವಾಗ ಚಕ್ರಗಳಿಗೆ ಶಕ್ತಿ ಸಾಗಿಸುವ ಡಿಫರೆನ್ಷಿಯಲ್ ಮುರಿಯಿತು. ನೇಪಿಯರ್ ಕಾರಿನಲ್ಲಿ ಹಿಂದೆ ಬರುತ್ತಿದ್ದ ಇಂಗ್ಲೆಂಡಿನ ಸೆಲ್ವಿನ್ ಎಡ್ಜ್ ಕಪ್ಪನ್ನು ತಮ್ಮದಾಗಿಸಿಕೊಂಡರು. ಕಪ್ ಗೆದ್ದ ದೇಶವೇ ಮುಂದಿನ ಸ್ಪರ್ಧೆಯನ್ನು ನಡೆಸಬೇಕೆಂಬ ನಿಯಮವಿದ್ದುದರಿಂದ 1903ರ ಓಟ ಫ್ರಾನ್ಸಿನಿಂದ ಹೊರಗೆ ಹೋಯಿತು. ದ ಕ್ನಿಫ್ ಅವರ ಕಾರಿನ ಒಂದು ಭಾಗ ಮುರಿದದ್ದು ಇಷ್ಟು ದೊಡ್ಡ ಪರಿಣಾಮಕ್ಕೆ ಕಾರಣವಾಯಿತು.

1903: ಎರಡು ಓಟಗಳು

1903ರ ಮೇ 24ರಂದು ಪ್ಯಾರಿಸ್–ಮ್ಯಾಡ್ರಿಡ್ ಓಟ ಆರಂಭವಾಯಿತು. ಬೆಳಗಿನ ಜಾವದ ಕತ್ತಲಲ್ಲಿಯೇ ವರ್ಸೈಯಿಂದ ವಾಹನಗಳನ್ನು ಬಿಡಲಾಯಿತು. ಪಟ್ಟಿಯ ಮೊದಲ ಸಂಖ್ಯೆ ಇಂಗ್ಲೆಂಡಿನ ಚಾರ್ಲ್ಸ್ ಜಾರಟ್ ಅವರದು, ಎರಡನೆಯದು ದ ಕ್ನಿಫ್ ಅವರದು. ಅವರ ಹಿಂದೆ ಇನ್ನೂರಕ್ಕೂ ಹೆಚ್ಚು ವಾಹನಗಳು ನಿಮಿಷಕ್ಕೊಂದರಂತೆ ಹೊರಟವು. ದಾರಿಯುದ್ದಕ್ಕೂ ಲಕ್ಷಾಂತರ ಜನ ಕಿಕ್ಕಿರಿದಿದ್ದರು. ಅವರಲ್ಲಿ ಬಹುತೇಕರು ಅಷ್ಟು ವೇಗದ ವಾಹನವನ್ನು ಎಂದೂ ಕಂಡವರಲ್ಲ. ಕಾರು ಹತ್ತಿರ ಬರುವವರೆಗೂ ರಸ್ತೆಯ ನಡುವೆಯೇ ನಿಂತು ಕಡೆಯ ಕ್ಷಣದಲ್ಲಿ ಸರಿಯುತ್ತಿದ್ದರು. ಮಳೆಯಿಲ್ಲದೆ ಒಣಗಿದ ರಸ್ತೆಯ ಧೂಳು ಮೋಡದಂತೆ ಕವಿದಿತ್ತು.

ಬೋರ್ಡೋ ತಲುಪುವಷ್ಟರಲ್ಲಿ ದುರಂತಗಳ ಸುದ್ದಿ ಒಂದರ ಮೇಲೊಂದು ಬರತೊಡಗಿತು. ರೆನೋ ಸಂಸ್ಥೆಯ ಸ್ಥಾಪಕ ಸೋದರರಲ್ಲಿ ಒಬ್ಬರಾದ ಮಾರ್ಸೆಲ್ ರೆನೋ ಅವರ ಕಾರು ಉರುಳಿ, ಎರಡು ದಿನಗಳ ಬಳಿಕ ಅವರು ಅಸುನೀಗಿದರು. ಚಾಲಕರು, ಮೆಕ್ಯಾನಿಕ್‌ಗಳು ಮತ್ತು ಪ್ರೇಕ್ಷಕರು ಸೇರಿ ಕನಿಷ್ಠ ಎಂಟು ಮಂದಿ ಪ್ರಾಣ ಕಳೆದುಕೊಂಡರು; ಗಾಯಗೊಂಡವರು ಇನ್ನೂ ಅನೇಕರು. ಫ್ರೆಂಚ್ ಸರ್ಕಾರ ಓಟವನ್ನು ಬೋರ್ಡೋದಲ್ಲಿಯೇ ನಿಲ್ಲಿಸಿತು. ಸ್ಪರ್ಧೆಯ ಕಾರುಗಳನ್ನು ಮತ್ತೆ ಚಾಲೂ ಮಾಡಲೂ ಅನುಮತಿ ದೊರೆಯಲಿಲ್ಲ. ಕುದುರೆಗಳಿಂದ ರೈಲು ನಿಲ್ದಾಣಕ್ಕೆ ಎಳೆಸಿ, ರೈಲಿನಲ್ಲಿ ಪ್ಯಾರಿಸ್‌ಗೆ ಹಿಂದಿರುಗಿಸಲಾಯಿತು. ದ ಕ್ನಿಫ್ ಅವರ ಪನಾರ್ ಕಾರು ಬೋರ್ಡೋವನ್ನು ತಲುಪಲೇ ಇಲ್ಲ.

ಮೋರ್ಸ್ ಕಾರಿನ ಚಾಲಕ ಗಾಬ್ರಿಯೆಲ್ ಪ್ಯಾರಿಸ್‌ನಿಂದ ಬೋರ್ಡೋವರೆಗಿನ ಸುಮಾರು 552 ಕಿಲೋಮೀಟರ್ ದೂರವನ್ನು ಐದೂಕಾಲು ಗಂಟೆಗಳಲ್ಲಿ, ಗಂಟೆಗೆ 105 ಕಿಲೋಮೀಟರ್ ಸರಾಸರಿಯಲ್ಲಿ ಕ್ರಮಿಸಿದ್ದರು. ಕೇವಲ ಐದು ವರ್ಷಗಳ ಹಿಂದೆ ಅದೇ ಎರಡು ನಗರಗಳ ನಡುವೆ ಗೆಲ್ಲಲು ದ ಕ್ನಿಫ್ ಅವರಿಗೆ ಹದಿನೈದು ಗಂಟೆಗಳೇ ಬೇಕಾಗಿದ್ದವು. ಕಾರುಗಳ ವೇಗ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು. ರಸ್ತೆ, ಬ್ರೇಕು ಮತ್ತು ಜನರ ತಿಳಿವಳಿಕೆ ಮಾತ್ರ ಹಿಂದಿನಂತೆಯೇ ಇದ್ದವು. ಪ್ಯಾರಿಸ್–ಮ್ಯಾಡ್ರಿಡ್ ದುರಂತದ ಮೂಲಕಾರಣವನ್ನು ಈ ಅಂತರದಲ್ಲಿಯೇ ಕಾಣಬಹುದು. ಊರಿನಿಂದ ಊರಿಗೆ ತೆರೆದ ರಸ್ತೆಯಲ್ಲಿ ಓಡುವ ಮಹಾಸ್ಪರ್ಧೆಗಳ ಯುಗ ಅಂದಿಗೆ ಮುಗಿಯಿತು.

ಆರು ವಾರಗಳೊಳಗೆ, ಜುಲೈ 2ರಂದು, ಗಾರ್ಡನ್ ಬೆನೆಟ್ ಕಪ್ ಓಟ ಐರ್ಲೆಂಡಿನ ಆಥೈ ಪಟ್ಟಣದ ಸುತ್ತ ನಡೆಯಿತು. ಬ್ರಿಟನ್ನಿನ ಕಾನೂನು ಸಾರ್ವಜನಿಕ ರಸ್ತೆಯಲ್ಲಿ ಓಟಕ್ಕೆ ಆಸ್ಪದ ನೀಡದಿದ್ದ ಕಾರಣ ಸಂಸತ್ತು ಇದಕ್ಕಾಗಿಯೇ ಪ್ರತ್ಯೇಕ ಕಾಯಿದೆಯನ್ನು ಮಾಡಬೇಕಾಯಿತು. ರಸ್ತೆಗಳನ್ನು ಸಂಪೂರ್ಣವಾಗಿ ಮುಚ್ಚಿ ಪೊಲೀಸರ ಕಾವಲು ಹಾಕಲಾಯಿತು. ಊರುಗಳೊಳಗೆ ಕಾರುಗಳು ನಿಯಂತ್ರಿತ ವೇಗದಲ್ಲಿ ಸಾಗಬೇಕಿತ್ತು. ಒಟ್ಟು ದೂರ ಸುಮಾರು 527 ಕಿಲೋಮೀಟರ್. ಬೆಲ್ಜಿಯಂನ ಕಮಿಲ್ ಜೆನಾಟ್ಸಿ ಜರ್ಮನಿಯ ಪರವಾಗಿ ಮರ್ಸಿಡೀಸ್ ಕಾರನ್ನು ಓಡಿಸಿ 6 ಗಂಟೆ 39 ನಿಮಿಷಗಳಲ್ಲಿ ಗೆದ್ದರು. ದ ಕ್ನಿಫ್ ಅವರು ಹನ್ನೊಂದು ನಿಮಿಷಕ್ಕೂ ತುಸು ಹೆಚ್ಚಿನ ಅಂತರದಲ್ಲಿ ಎರಡನೆಯವರಾದರು; ಅವರ ಹಿಂದೆ ಒಂದು ನಿಮಿಷದ ಆಸುಪಾಸಿನಲ್ಲಿ ಹೆನ್ರಿ ಫಾರ್ಮನ್ ಬಂದರು. ಜಾರಟ್ ಸೇರಿದಂತೆ ಕೆಲವರ ಕಾರುಗಳು ಅಪಘಾತಕ್ಕೀಡಾದರೂ ಯಾರೂ ಸಾಯಲಿಲ್ಲ. ಎರಡೂ ಓಟಗಳ ಪ್ರಮುಖ ಚಾಲಕರು ಬಹುಪಾಲು ಅವರೇ, ಕಾರುಗಳೂ ಬಹುಪಾಲು ಅಂಥವೇ. ವ್ಯತ್ಯಾಸವಿದ್ದದ್ದು ಹಾದಿಯ ವ್ಯವಸ್ಥೆಯಲ್ಲಿ. ಎರಡನ್ನೂ ಚಾಲಕನ ಆಸನದಿಂದಲೇ ಕಂಡ ದ ಕ್ನಿಫ್ ಅವರು ಆ ವರ್ಷದ ತರುವಾಯ ಸ್ಪರ್ಧಾ ಚಾಲನೆಯನ್ನು ಬಿಟ್ಟು ಸಂಘಟನೆಯ ಕಾರ್ಯಕ್ಕೆ ತಮ್ಮನ್ನು ಮೀಸಲಾಗಿಸಿಕೊಂಡರು.

ಫ್ರಾನ್ಸ್ ಮೋಟಾರು ಕ್ಲಬ್ ಮತ್ತು ಗ್ರಾಂ ಪ್ರಿ

ದ ಕ್ನಿಫ್ ಅವರು ಫ್ರಾನ್ಸ್ ಮೋಟಾರು ಕ್ಲಬ್ಬಿನ ಕ್ರೀಡಾ ಆಯೋಗದ ಅಧ್ಯಕ್ಷರಾಗಿ ದೀರ್ಘಕಾಲ ದುಡಿದರು. ಸ್ಪರ್ಧೆಯ ನಿಯಮಗಳನ್ನು ರಚಿಸುವುದು, ಓಟದ ಹಾದಿಯನ್ನು ಆಯ್ಕೆ ಮಾಡುವುದು, ವಾಹನಗಳ ತಪಾಸಣೆ, ದೂರುಗಳ ವಿಚಾರಣೆ ಇವೆಲ್ಲ ಈ ಆಯೋಗದ ವ್ಯಾಪ್ತಿಯಲ್ಲಿದ್ದವು.

ಕಾರು ತಯಾರಿಕೆಯಲ್ಲಿ ಅಗ್ರಸ್ಥಾನದಲ್ಲಿದ್ದ ಫ್ರಾನ್ಸಿಗೆ ಗಾರ್ಡನ್ ಬೆನೆಟ್ ಕಪ್ಪಿನ ಮೂರು ಕಾರುಗಳ ಮಿತಿ ಒಪ್ಪಿಗೆಯಾಗಿರಲಿಲ್ಲ. ಹತ್ತಾರು ಫ್ರೆಂಚ್ ಸಂಸ್ಥೆಗಳಿಗೂ ಇತರ ದೇಶಗಳ ಒಂದೆರಡು ಸಂಸ್ಥೆಗಳಿಗೂ ಸಮಾನ ಪ್ರಾತಿನಿಧ್ಯ ಸಿಗುವುದು ಅನ್ಯಾಯವೆಂದು ಕ್ಲಬ್ಬು ವಾದಿಸಿತು. 1905ರ ನಂತರ ಕಪ್ ಸ್ಪರ್ಧೆಯನ್ನು ಕೈಬಿಟ್ಟು, ದೇಶಗಳ ಬದಲು ತಯಾರಕರ ನಡುವೆ ಪೈಪೋಟಿ ಏರ್ಪಡುವಂತೆ ಹೊಸ ಓಟವನ್ನು ಯೋಜಿಸಿತು. 1906ರ ಜೂನ್ 26 ಮತ್ತು 27ರಂದು ಲ ಮಾನ್ ಬಳಿ ನಡೆದ ಆ ಓಟವೇ ಮೊದಲ ಗ್ರಾಂ ಪ್ರಿ.

ಐರ್ಲೆಂಡಿನ ಅನುಭವದ ಪ್ರಭಾವ ಇಲ್ಲಿ ಸ್ಪಷ್ಟವಾಗಿ ಗೋಚರಿಸುತ್ತದೆ. ಸುಮಾರು 103 ಕಿಲೋಮೀಟರ್ ಸುತ್ತಳತೆಯ ಹಾದಿಯನ್ನು ಓಟದ ಸಮಯದಲ್ಲಿ ಸಾರ್ವಜನಿಕರಿಗೆ ಮುಚ್ಚಲಾಗಿತ್ತು. ಜನ ಸೇರುವ ಕಡೆಗಳಲ್ಲಿ ಬೇಲಿಗಳನ್ನು ಹಾಕಲಾಗಿತ್ತು. ಊರೊಳಗಿನಿಂದ ಹಾದುಹೋಗುವುದನ್ನು ತಪ್ಪಿಸಲು ಕೆಲವೆಡೆ ಮರದ ಹಲಗೆಗಳಿಂದ ಬದಲಿ ರಸ್ತೆಯನ್ನೇ ನಿರ್ಮಿಸಲಾಗಿತ್ತು. ಎರಡು ದಿನಗಳಲ್ಲಿ ಹನ್ನೆರಡು ಸುತ್ತುಗಳನ್ನು ಪೂರೈಸಬೇಕಿದ್ದ ಈ ಓಟದಲ್ಲಿ 32 ಕಾರುಗಳು ಹೊರಟವು. ಹಂಗೆರಿ ಮೂಲದ ಫೆರೆಂಕ್ ಸಿಸ್ ರೆನೋ ಕಾರಿನಲ್ಲಿ ವಿಜಯಿಯಾದರು. 1908ರ ಓಟದಲ್ಲಿ ಜರ್ಮನಿಯ ಮರ್ಸಿಡೀಸ್ ಗೆದ್ದ ಮೇಲೆ ಫ್ರೆಂಚ್ ತಯಾರಕರು ಆಸಕ್ತಿ ಕಳೆದುಕೊಂಡು, ಗ್ರಾಂ ಪ್ರಿ 1912ರವರೆಗೆ ನಿಂತುಹೋಯಿತು.

1914ರ ಜುಲೈ 4ರಂದು ಲಿಯೋಂ ಬಳಿ ನಡೆದ ಗ್ರಾಂ ಪ್ರಿಗೆ ಎಂಜಿನ್ ಗಾತ್ರವನ್ನು 4.5 ಲೀಟರ್‌ಗೆ ಮಿತಿಗೊಳಿಸಲಾಗಿತ್ತು. ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜನ ಹತ್ಯೆಯಾಗಿ ಒಂದು ವಾರವೂ ಆಗಿರಲಿಲ್ಲ. ಮರ್ಸಿಡೀಸ್ ಕಾರುಗಳು ಮೊದಲ ಮೂರೂ ಸ್ಥಾನಗಳನ್ನು ಗಳಿಸಿದವು. ಮುಂದಿನ ತಿಂಗಳು ಮಹಾಯುದ್ಧ ಆರಂಭವಾಗಿ ಓಟಗಳು ಸ್ಥಗಿತಗೊಂಡವು.

ಅಂತರರಾಷ್ಟ್ರೀಯ ಕ್ರೀಡಾ ಆಯೋಗದ ಅಧ್ಯಕ್ಷತೆ

ವಿವಿಧ ದೇಶಗಳ ಮೋಟಾರು ಕ್ಲಬ್ಬುಗಳು 1904ರಲ್ಲಿ ಜರ್ಮನಿಯ ಹೊಂಬುರ್ಗ್‌ನಲ್ಲಿ ಸೇರಿ ಒಂದು ಅಂತರರಾಷ್ಟ್ರೀಯ ಒಕ್ಕೂಟವನ್ನು ರಚಿಸಿಕೊಂಡಿದ್ದವು. ಇದರ ಕೇಂದ್ರ ಪ್ಯಾರಿಸ್. ಯುದ್ಧಾನಂತರ ಓಟಗಳು ಅನೇಕ ದೇಶಗಳಿಗೆ ಹರಡಿದ್ದರಿಂದ ಸಮಾನ ನಿಯಮಗಳ ಅಗತ್ಯ ತಲೆದೋರಿತು. 1922ರಲ್ಲಿ ಒಕ್ಕೂಟವು ಈ ಕಾರ್ಯಕ್ಕಾಗಿ ಅಂತರರಾಷ್ಟ್ರೀಯ ಕ್ರೀಡಾ ಆಯೋಗವನ್ನು ಸ್ಥಾಪಿಸಿ, ದ ಕ್ನಿಫ್ ಅವರನ್ನು ಅಧ್ಯಕ್ಷರನ್ನಾಗಿ ನೇಮಿಸಿತು.

ಇವರ ಅವಧಿಯ ಕೆಲವು ಮುಖ್ಯ ಬೆಳವಣಿಗೆಗಳು ಹೀಗಿವೆ. 1922ರಿಂದ ಗ್ರಾಂ ಪ್ರಿ ಕಾರುಗಳ ಎಂಜಿನ್ ಗಾತ್ರ 2 ಲೀಟರ್‌ಗೆ ಇಳಿಯಿತು. 1924ರಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ ಓಟದಲ್ಲಿ ಮೆಕ್ಯಾನಿಕ್ ಒಬ್ಬರು ಮೃತಪಟ್ಟರು. 1925ರಿಂದ ಚಾಲಕನ ಪಕ್ಕದಲ್ಲಿ ಮೆಕ್ಯಾನಿಕ್ ಕುಳಿತುಕೊಳ್ಳುವುದನ್ನು ನಿಲ್ಲಿಸಲಾಯಿತು. ಗೆಲುವಿನ ಕೀರ್ತಿಯಲ್ಲಿ ಹೆಚ್ಚಿನ ಪಾಲಿಲ್ಲದೆ ಅಪಾಯದಲ್ಲಿ ಮಾತ್ರ ಸಮಪಾಲು ಹೊಂದಿದ್ದ ಈ ಸಹಾಯಕರ ಜೀವ ಉಳಿಸಿದ ಕ್ರಮವೆಂದು ಇದನ್ನು ಗಣಿಸಬಹುದು. ಅದೇ 1925ರಲ್ಲಿ ತಯಾರಕರಿಗಾಗಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದು ಆಲ್ಫಾ ರೋಮಿಯೋ ಪ್ರಶಸ್ತಿ ಗಳಿಸಿತು. 1931ರಿಂದ ಚಾಲಕರಿಗಾಗಿ ಯುರೋಪಿಯನ್ ಚಾಂಪಿಯನ್‌ಷಿಪ್ ಆರಂಭವಾಯಿತು.

ಎಲ್ಲ ನಿಯಮಗಳೂ ಸಫಲವಾಗಲಿಲ್ಲ. 1926ರಲ್ಲಿ ಎಂಜಿನ್ ಗಾತ್ರವನ್ನು 1.5 ಲೀಟರ್‌ಗೆ ಇಳಿಸಿದಾಗ ಹೊಸ ಕಾರುಗಳನ್ನು ಸಿದ್ಧಪಡಿಸುವ ವೆಚ್ಚವನ್ನು ಹೆಚ್ಚಿನ ಸಂಸ್ಥೆಗಳು ಭರಿಸಲಾರದೆ ಹೋದವು. ಆ ವರ್ಷ ಮಿರಾಮಾಸ್‌ನಲ್ಲಿ ಜರುಗಿದ ಫ್ರೆಂಚ್ ಗ್ರಾಂ ಪ್ರಿಯಲ್ಲಿ ಹೊರಟದ್ದು ಬುಗಾಟಿ ಸಂಸ್ಥೆಯ ಮೂರೇ ಮೂರು ಕಾರುಗಳು. ಪೂರ್ಣ ದೂರ ಓಡಿ ಗೆದ್ದವರು ಜೂಲ್ ಗೂ ಒಬ್ಬರೇ. 1928ರ ಬಳಿಕ ಅನೇಕ ಸಂಘಟಕರು ಆಯೋಗದ ಸೂತ್ರವನ್ನು ಬದಿಗಿಟ್ಟು ತಮಗೆ ಇಷ್ಟಬಂದ ನಿಯಮಗಳಡಿ ಓಟಗಳನ್ನು ನಡೆಸತೊಡಗಿದರು. 1928ರಲ್ಲಿ ಇಟಲಿಯ ಮೋಂಜಾ ಹಾದಿಯಲ್ಲಿ ಕಾರೊಂದು ಪ್ರೇಕ್ಷಕರ ನಡುವೆ ನುಗ್ಗಿ, ಚಾಲಕ ಮಾತೆರಾಸಿ ಅವರೊಂದಿಗೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 1933ರಲ್ಲಿ ಅಲ್ಲಿಯೇ ಒಂದೇ ದಿನ ಕಾಂಪಾರಿ, ಬೋರ್ಜಾಕಿನಿ ಮತ್ತು ಚಾಯ್ಕೋವ್ಸ್ಕಿ ಎಂಬ ಮೂವರು ಚಾಲಕರು ಮೃತರಾದರು.

ವೇಗಕ್ಕೆ ಕಡಿವಾಣ ಹಾಕುವ ಉದ್ದೇಶದಿಂದ ಆಯೋಗ 1934ರಿಂದ ಜಾರಿಗೆ ಬರುವಂತೆ ಹೊಸ ಸೂತ್ರವನ್ನು ಪ್ರಕಟಿಸಿತು. ಟೈರು, ಇಂಧನ ಮುಂತಾದವನ್ನು ಬಿಟ್ಟು ಕಾರಿನ ತೂಕ 750 ಕಿಲೋಗ್ರಾಂ ಮೀರಬಾರದು; ಎಂಜಿನ್ ಗಾತ್ರಕ್ಕೆ ಮಿತಿಯಿಲ್ಲ. ಇಷ್ಟು ಹಗುರವಾದ ಕಾರಿನಲ್ಲಿ ದೊಡ್ಡ ಎಂಜಿನ್ ಇಡುವುದು ಅಸಾಧ್ಯವೆಂಬುದು ಆಯೋಗದ ಲೆಕ್ಕಾಚಾರ. ಜರ್ಮನ್ ಸರ್ಕಾರದ ಧನಸಹಾಯ ಪಡೆದ ಮರ್ಸಿಡೀಸ್-ಬೆಂಝ್ ಮತ್ತು ಆಟೋ ಯೂನಿಯನ್ ಸಂಸ್ಥೆಗಳು ಹಗುರ ಲೋಹಗಳನ್ನು ಬಳಸಿ ಆ ಲೆಕ್ಕವನ್ನು ತಲೆಕೆಳಗು ಮಾಡಿದವು. 1937ರ ಮರ್ಸಿಡೀಸ್ ಕಾರಿನ ಎಂಜಿನ್ 5.6 ಲೀಟರ್ ಮೀರಿತ್ತು, ಅದರ ಶಕ್ತಿ 600 ಅಶ್ವಶಕ್ತಿಯ ಸಮೀಪದಲ್ಲಿತ್ತು. 1902ರಲ್ಲಿ 1,000 ಕಿಲೋಗ್ರಾಂ ನಿಯಮವನ್ನು ಫ್ರೆಂಚ್ ತಯಾರಕರು ಹೇಗೆ ಮೀರಿ ಬೆಳೆದರೋ, 1934ರ ನಿಯಮವನ್ನು ಜರ್ಮನ್ ತಯಾರಕರು ಹಾಗೆಯೇ ಮೀರಿ ಬೆಳೆದರು. 1938ರಲ್ಲಿ ಆಯೋಗ ಮರಳಿ ಎಂಜಿನ್ ಗಾತ್ರಕ್ಕೇ ಮಿತಿ ಹಾಕಿತು: ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇದ್ದರೆ 3 ಲೀಟರ್, ಇಲ್ಲದಿದ್ದರೆ 4.5 ಲೀಟರ್.

1939ರ ಯುರೋಪಿಯನ್ ಚಾಂಪಿಯನ್‌ಷಿಪ್ ಎರಡನೆಯ ಮಹಾಯುದ್ಧದಿಂದಾಗಿ ಅಧಿಕೃತ ನಿರ್ಣಯವಿಲ್ಲದೆ ಉಳಿಯಿತು. ಜರ್ಮನಿಯ ಕ್ರೀಡಾಡಳಿತವು ಹರ್ಮನ್ ಲಾಂಗ್ ಅವರನ್ನು ವಿಜೇತರೆಂದು ತಾನೇ ಘೋಷಿಸಿತಾದರೂ ಅಂತರರಾಷ್ಟ್ರೀಯ ಒಕ್ಕೂಟ ಅದನ್ನು ಸ್ಥಿರೀಕರಿಸಲಿಲ್ಲ.

ಮೌಲ್ಯಮಾಪನ

ದ ಕ್ನಿಫ್ ಅವರ ಕಾರ್ಯವನ್ನು ಕುರಿತು ಎರಡು ರೀತಿಯ ಆಕ್ಷೇಪಗಳಿಗೆ ಅವಕಾಶವಿದೆ. ಮೊದಲನೆಯದು ಹಿತಾಸಕ್ತಿಯ ಪ್ರಶ್ನೆ. ಕಾರು ತಯಾರಿಕಾ ಸಂಸ್ಥೆಯೊಂದರ ನಿರ್ದೇಶಕರೇ ಸ್ಪರ್ಧಿಯಾಗಿಯೂ ಕ್ರೀಡಾಡಳಿತದಲ್ಲಿಯೂ ಇರುವುದು ಇಂದಿನ ದೃಷ್ಟಿಯಲ್ಲಿ ಉಚಿತವೆನಿಸದು. 1900ರ ಕಪ್ ತಂಡದಲ್ಲಿ ಒಂದೇ ಸಂಸ್ಥೆಯ ಕಾರುಗಳಿದ್ದದ್ದು ಅಂದೇ ವಿವಾದಕ್ಕೆ ಗುರಿಯಾಗಿತ್ತು. ಎರಡನೆಯದು ಫ್ರಾನ್ಸಿನ ಪ್ರಾಬಲ್ಯ. ನಿಯಮಗಳನ್ನು ರೂಪಿಸುವ ಕೇಂದ್ರ ಪ್ಯಾರಿಸ್‌ನಲ್ಲಿಯೇ ಇದ್ದು, ಗಾರ್ಡನ್ ಬೆನೆಟ್ ಕಪ್ಪಿನಿಂದ ಗ್ರಾಂ ಪ್ರಿಗೆ ಆದ ಬದಲಾವಣೆಯೂ ಫ್ರೆಂಚ್ ಉದ್ಯಮದ ಅನುಕೂಲಕ್ಕೆ ಹೊಂದಿಕೊಂಡಿತ್ತು.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತೂ ಇದೆ. ಆ ಕಾಲದಲ್ಲಿ ಕಾರಿನ ಸ್ವಭಾವವನ್ನು ಬಲ್ಲವರೆಂದರೆ ಅದನ್ನು ತಯಾರಿಸುವವರು ಮತ್ತು ಓಡಿಸುವವರು ಮಾತ್ರ. ಅವರ ಹೊರತು ನಿಯಮ ಮಾಡಬಲ್ಲ ತಟಸ್ಥ ತಜ್ಞರ ವರ್ಗವೊಂದು ಇನ್ನೂ ಹುಟ್ಟಿರಲಿಲ್ಲ. 1903ರಲ್ಲಿ ಸರ್ಕಾರಗಳು ಓಟವನ್ನು ಶಾಶ್ವತವಾಗಿ ನಿಷೇಧಿಸುವ ಸಂಭವ ನಿಜವಾಗಿಯೂ ಇತ್ತು. ಓಟ ಉಳಿಯಬೇಕಾದರೆ ದಾರಿಹೋಕರನ್ನು ಅದರ ಅಪಾಯದಿಂದ ಬೇರ್ಪಡಿಸಲೇಬೇಕೆಂಬ ತತ್ತ್ವವನ್ನು ಮುಂದಿನ ಆಡಳಿತ ಒಪ್ಪಿಕೊಂಡದ್ದರಿಂದಲೇ ಈ ಕ್ರೀಡೆ ಬದುಕಿತು. ಚಾಲಕರ ಮತ್ತು ಪ್ರೇಕ್ಷಕರ ಸಾವುಗಳು ಆ ಬಳಿಕವೂ ನಿಲ್ಲಲಿಲ್ಲವೆಂಬುದು ಆ ತತ್ತ್ವವನ್ನು ಆಚರಣೆಗೆ ತರುವಲ್ಲಿ ಉಳಿದ ಕೊರತೆ. ವೇಗವನ್ನು ಕಾಗದದ ಮೇಲಿನ ಸೂತ್ರದಿಂದ ಹಿಡಿದಿಡುವ ಪ್ರಯತ್ನ ಪ್ರತಿ ಬಾರಿಯೂ ತಯಾರಕರ ಜಾಣ್ಮೆಗೆ ಸೋತಿತಾದರೂ, ಎಂಜಿನ್ ಗಾತ್ರ ಮತ್ತು ತೂಕದ ಆಧಾರದ ಮೇಲೆ ಸ್ಪರ್ಧೆಗಳನ್ನು ವರ್ಗೀಕರಿಸುವ ಪದ್ಧತಿ ನೆಲೆಯೂರಿತು.

ಕೊನೆಯ ವರ್ಷಗಳು ಮತ್ತು ಪರಂಪರೆ

ಯುದ್ಧ ಮುಗಿದ ಮೇಲೆ 1946ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಪುನಾರಚನೆಗೊಂಡು, ಇಂದು ಎಫ್‌ಐಎ ಎಂದು ಪ್ರಸಿದ್ಧವಾಗಿರುವ ಅಂತರರಾಷ್ಟ್ರೀಯ ಮೋಟಾರು ಮಹಾಮಂಡಲ ಎಂಬ ಹೆಸರು ಪಡೆಯಿತು. ಆ ವೇಳೆಗೆ ಎಂಬತ್ತು ವರ್ಷ ದಾಟಿದ್ದ ದ ಕ್ನಿಫ್ ಅವರು ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ಆಗಸ್ಟಾಂ ಪೆರೂಸ್ ಬಂದರು. 1938ರ ಸೂತ್ರದ ಮಾದರಿಯಲ್ಲಿಯೇ ಎರಡು ಬಗೆಯ ಎಂಜಿನ್‌ಗಳಿಗೆ ಅವಕಾಶವಿತ್ತ ಹೊಸ ನಿಯಮ ಫಾರ್ಮುಲಾ ಒನ್ ಎಂಬ ಹೆಸರಿನಿಂದ ಪ್ರಚಲಿತವಾಯಿತು, 4.5 ಲೀಟರ್ ಎಂಬ ಮಿತಿಯೂ ಅದರಲ್ಲಿ ಹಾಗೆಯೇ ಉಳಿಯಿತು. 1950ರಲ್ಲಿ ಚಾಲಕರ ವಿಶ್ವ ಚಾಂಪಿಯನ್‌ಷಿಪ್ ಆರಂಭವಾದುದನ್ನು ಕಾಣುವ ಭಾಗ್ಯ ದ ಕ್ನಿಫ್ ಅವರಿಗೆ ಲಭಿಸಿತು. 1950ರ ದಶಕದ ಮಧ್ಯಭಾಗದಲ್ಲಿ ಅವರು ಫ್ರಾನ್ಸಿನಲ್ಲಿ ನಿಧನ ಹೊಂದಿದರು.

ಸ್ಪರ್ಧೆಯ ಹಾದಿಯಿಂದ ಆಡಳಿತದ ಪೀಠಕ್ಕೆ ಬರುವ ಪರಿಪಾಠ ಇವರ ನಂತರವೂ ಮುಂದುವರಿದಿದೆ. ರ್ಯಾಲಿಗಳಲ್ಲಿ ಸಹಚಾಲಕರಾಗಿದ್ದ ಫ್ರಾನ್ಸಿನ ಜಾನ್ ತೋಡ್ 2009ರಲ್ಲಿ ಎಫ್‌ಐಎ ಅಧ್ಯಕ್ಷರಾದರು. ಮಧ್ಯಪ್ರಾಚ್ಯ ರ್ಯಾಲಿ ಚಾಂಪಿಯನ್‌ಷಿಪ್‌ಅನ್ನು ಹದಿನಾಲ್ಕು ಬಾರಿ ಗೆದ್ದ ಸಂಯುಕ್ತ ಅರಬ್ ಸಂಸ್ಥಾನದ ಮೊಹಮ್ಮದ್ ಬಿನ್ ಸುಲಾಯಮ್ 2021ರ ಡಿಸೆಂಬರ್‌ನಲ್ಲಿ ಅದೇ ಹುದ್ದೆಗೆ ಆಯ್ಕೆಯಾದರು; ಯುರೋಪಿನ ಹೊರಗಿನಿಂದ ಆಯ್ಕೆಯಾದ ಮೊದಲ ಅಧ್ಯಕ್ಷರು ಇವರೇ. ಯಾವ ಹಾದಿ ಸುರಕ್ಷಿತ, ಯಾವ ಎಂಜಿನ್ನಿಗೆ ಎಷ್ಟು ಮಿತಿ, ಪ್ರೇಕ್ಷಕರು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಗಳನ್ನು ಚಾಲಕರಾಗಿ ಅನುಭವಿಸಿ, ಬಳಿಕ ಆಡಳಿತಗಾರರಾಗಿ ಉತ್ತರಿಸಲು ಯತ್ನಿಸಿದ ಮೊದಲಿಗರ ಸಾಲಿನಲ್ಲಿ ರೆನೆ ದ ಕ್ನಿಫ್ ಅವರಿಗೆ ಸ್ಥಾನವಿದೆ.